ಉತ್ತರ: ಅಂಕಗಳ ಕಾಲಂಗೆ ಲೂಪ್ ಬೇಕಿಲ್ಲ

ಅಂಕಗಳ ಕಾಲಂ ನೋಡಿ ಪಾಸ್-ಫೇಲ್ ಹಾಕೋಕೆ ಆರ್ (R, ಅಂಕಿಅಂಶಗಳ ಪ್ರೋಗ್ರಾಮಿಂಗ್ ಭಾಷೆ) ನಲ್ಲಿ ಒಂದೊಂದೇ ಸಾಲು ನೋಡೋ ಲೂಪ್ ಬರೆದಿದ್ದೀರಿ. ಆ ಲೂಪ್ ತೆಗೆದು ಇಡೀ ಕಾಲಂ ಅನ್ನೇ ಇಫ್ (if, ಷರತ್ತು ನೋಡೋ ಆದೇಶ) ಒಳಗೆ ಕೊಟ್ಟರೆ ಆರ್ ಎರರ್ ಕೊಡುತ್ತೆ ಅಂದಿದ್ದೀರಿ. ಕೊಡಲೇಬೇಕು. ಇಫ್‌ಗೆ ಬೇಕಿರೋದು ಒಂದೇ ಒಂದು ಹೌದು ಅಥವಾ ಇಲ್ಲ, ನೀವು ಕೊಟ್ಟಿದ್ದು ಸಾಲಿಗೊಂದರಂತೆ ಎರಡು ಲಕ್ಷ. 4.2ಕ್ಕಿಂತ ಹಳೇ ಆವೃತ್ತಿಗಳಲ್ಲಿ ಮೊದಲನೇ ಸಾಲು ಮಾತ್ರ ನೋಡಿ, ಒಂದು ವಾರ್ನಿಂಗ್ ಕೊಟ್ಟು ಮುಂದೆ ಹೋಗ್ತಿತ್ತು. ಅದಕ್ಕಿಂತ ಈ ಎರರ್ರೇ ವಾಸಿ.

ಇಡೀ ಕಾಲಂ ಅನ್ನು ಒಮ್ಮೆಲೇ ನೋಡೋ ಇಫ್‌ಎಲ್ಸ್ (ifelse) ಬಳಸಿ ಹೀಗೆ ಬರೀರಿ: ಇಫ್‌ಎಲ್ಸ್(ಅಂಕ < 35, "ಫೇಲ್", "ಪಾಸ್"). ಗೈರಾದವರ ಅಂಕ ಎನ್‌ಎ (NA, ಅಂದ್ರೆ ಮಾಹಿತಿ ಇಲ್ಲ) ಇದ್ದರೆ ಫಲಿತಾಂಶವೂ ಎನ್‌ಎ. ನಿಮ್ಮ ಲೂಪ್ ಅಲ್ಲೇ ನಿಂತುಬಿಡ್ತಿತ್ತು.

ದರ್ಜೆ ಮೂರ್ನಾಲ್ಕು ಇದ್ದರೆ ಇಫ್‌ಎಲ್ಸ್ ಒಳಗೆ ಇಫ್‌ಎಲ್ಸ್ ತುರುಕಬೇಡಿ, ಬ್ರ್ಯಾಕೆಟ್ ಎಣಿಸೋದೇ ಕೆಲಸ ಆಗುತ್ತೆ. ಅಂಕಗಳನ್ನು ಗಡಿಗಳ ಪ್ರಕಾರ ಗುಂಪು ಮಾಡೋ ಕಟ್ (cut) ಬಳಸಿ: ಕಟ್(ಅಂಕ, ಸಿ(0, 35, 60, 85, 101), ರೈಟ್ = ಫಾಲ್ಸ್). ಕೊನೆಗೆ 101 ಯಾಕೆ ಅಂದ್ರೆ, ರೈಟ್ ಫಾಲ್ಸ್ ಇದ್ದಾಗ ಪ್ರತಿ ಗುಂಪಿನ ಮೇಲಿನ ಗಡಿ ಆ ಗುಂಪಿನ ಲೆಕ್ಕಕ್ಕಿಲ್ಲ. 100 ಅಂತ ಹಾಕಿದ್ರೆ ನೂರಕ್ಕೆ ನೂರು ತೆಗೆದವರೇ ಎನ್‌ಎ! ನಾನೂ ಒಮ್ಮೆ ಹಾಗೆ ಟಾಪರ್‌ಗಳನ್ನೇ ಕಳಕೊಂಡಿದ್ದೆ.

ದಿನಾಂಕದ ಕಾಲಂಗೆ ಮಾತ್ರ ಇಫ್‌ಎಲ್ಸ್ ಬೇಡ. 2024ರ ಜನವರಿ 1 ಅನ್ನೋದು 19723 ಆಗಿ ಹೊರಬರುತ್ತೆ, 1970ರಿಂದ ಎಣಿಸಿದ ದಿನಗಳು. ಅಲ್ಲಿಗೆ ಡಿಪ್ಲೈಆರ್ (dplyr) ಅನ್ನೋ ಆರ್ ಪ್ಯಾಕೇಜ್‌ನ ಇಫ್_ಎಲ್ಸ್ ಬಳಸಿ, ನಡುವೆ ಅಂಡರ್‌ಸ್ಕೋರ್ ಇರೋದು.