ಹೊರೆಕಾಣಿಕೆಯ ಅಧ್ಯಯನಕ್ಕೆ ಅನುದಾನ ಎಲ್ಲಿಂದ?

ಪ್ರಶ್ನೆ: ಉಡುಪಿಯ ಪದವಿ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ಪರ್ಯಾಯ (ಕೃಷ್ಣಮಠದ ಪೂಜಾಧಿಕಾರ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ), ಬ್ರಹ್ಮಕಲಶೋತ್ಸವಗಳಿಗೆ (ದೇವಸ್ಥಾನದ ಪುನಃಪ್ರತಿಷ್ಠೆಯ ಉತ್ಸವ) ಜನ ಅಕ್ಕಿ, ತೆಂಗಿನಕಾಯಿ, ತರಕಾರಿಯ ರೂಪದಲ್ಲಿ ಕೊಡುವ ಹೊರೆಕಾಣಿಕೆಯ ಮೂಲಕ ಜನರ ಉದಾರತೆಯನ್ನು ಅಧ್ಯಯನ ಮಾಡಬೇಕೆಂದಿದ್ದೇನೆ. ಅನುದಾನ ಎಲ್ಲಿ ಕೇಳಲಿ? ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣ ಅಥವಾ ವಿದೇಶಿ ಹಣ ಸಿಕ್ಕೀತೇ?

ಉತ್ತರ: ಮೊದಲ ಅರ್ಜಿ ದೆಹಲಿಯ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತಿಗೆ (ಐಸಿಎಸ್‌ಎಸ್‌ಆರ್) ಹೋಗಲಿ. ನಿಮ್ಮ ಕಾಲೇಜಿಗೆ ಯುಜಿಸಿ ಕಾಯ್ದೆಯ 2(ಎಫ್), 12(ಬಿ) ಸೆಕ್ಷನ್‌ಗಳ ಮಾನ್ಯತೆ (ಕಾಲೇಜನ್ನು ಕೇಂದ್ರದ ಅನುದಾನಕ್ಕೆ ಅರ್ಹಗೊಳಿಸುವಂಥದ್ದು) ಇದೆಯೇ ಎಂದು ಈಗಲೇ ಕಚೇರಿಯಲ್ಲಿ ವಿಚಾರಿಸಿ. ಸಿಎಸ್‌ಆರ್ ಹಿಂದೆ ಅಲೆಯಬೇಡಿ. ಕಂಪನಿ ಕಾಯ್ದೆಯ 7ನೇ ಅನುಸೂಚಿಯಲ್ಲಿ ಸಂಶೋಧನೆಗೆಂದು ಇರುವ ಅಂಶ ಹೆಸರಿಸುವುದು ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ವೈದ್ಯಕೀಯವನ್ನು ಮಾತ್ರ.

ವಿದೇಶದಲ್ಲಿ ಈ ವಿಷಯಕ್ಕೆ ಆಸಕ್ತಿ ಇರುವುದು ನಿಜ. ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯ 2009ರಲ್ಲಿ ಉದಾರತೆಯ ಅಧ್ಯಯನಕ್ಕೆಂದೇ ಜಾನ್ ಟೆಂಪಲ್‌ಟನ್ ಪ್ರತಿಷ್ಠಾನದ 50 ಲಕ್ಷ ಡಾಲರ್ ನೆರವಿನಿಂದ ಯೋಜನೆ ಆರಂಭಿಸಿತ್ತು. ಆದರೆ ಟ್ರಸ್ಟಿನ ಕಾಲೇಜಾದರೆ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಬೇಕು, ಹಣ ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. 2020ರ ತಿದ್ದುಪಡಿಯ ನಂತರ ನೋಂದಣಿಯಿರುವ ಇನ್ನೊಂದು ಸಂಸ್ಥೆ ತನಗೆ ಬಂದ ಹಣವನ್ನು ನಿಮ್ಮ ಸಂಸ್ಥೆಗೆ ವರ್ಗಾಯಿಸುವಂತೆಯೂ ಇಲ್ಲ.

ಅರ್ಜಿಗಳು ಹೆಚ್ಚಾಗಿ ಸೋಲುವುದು ಸಂಶೋಧನೆಯ ಪ್ರಶ್ನೆಯಲ್ಲಿ. ‘ಕರಾವಳಿಯವರು ಉದಾರಿಗಳು’ ಎಂದು ಸಾಧಿಸಲು ಹೊರಟರೆ ಪರಿಶೀಲಕರು ಒಪ್ಪುವುದಿಲ್ಲ. ಕೊಟ್ಟವರ ಹೆಸರನ್ನು ಮೈಕಿನಲ್ಲಿ ಓದುವ ಊರಿಗೂ ಓದದ ಊರಿಗೂ ಕೊಡುವುದರಲ್ಲಿ ವ್ಯತ್ಯಾಸವಿದೆಯೇ ಎಂದು ಕೇಳಿ, ಇದನ್ನು ಅಳೆಯಬಹುದು. ‘ಎಷ್ಟು ಕೊಟ್ಟಿರಿ’ ಎಂದರೆ ಜನ ಸಂಕೋಚಕ್ಕೋ ಮರ್ಯಾದೆಗೋ ಹೆಚ್ಚಿಸಿಯೇ ಹೇಳುತ್ತಾರೆ. ಹಾಗಾಗಿ ಉತ್ಸವ ಸಮಿತಿಯ ರಶೀದಿ ಪುಸ್ತಕ, ಉಗ್ರಾಣದ ದಾಖಲೆಗಳ ಜೊತೆ ಉತ್ತರವನ್ನು ತಾಳೆ ನೋಡಿ. ಅಕ್ಕಿ, ತೆಂಗಿನಕಾಯಿ, ತರಕಾರಿಗೆ ಆ ವಾರದ ಮಾರುಕಟ್ಟೆ ದರ ಹಾಕಿ. ಶ್ರಮದಾನವನ್ನು ಗಂಟೆಗಳಲ್ಲಿ ಬೇರೆಯೇ ಬರೆದುಕೊಳ್ಳಿ. ಮಸೀದಿ, ಚರ್ಚುಗಳಿಗೆ ಕೊಡುವುದನ್ನೂ ರಕ್ತದಾನವನ್ನೂ ಬಿಟ್ಟರೆ ಅದು ಜಿಲ್ಲೆಯ ಅಧ್ಯಯನವಾಗದು.

ಆಯವ್ಯಯವನ್ನು ಮಾದರಿಯ ಗಾತ್ರದಿಂದಲೇ ಕಟ್ಟಿ. ಶೇ 95 ವಿಶ್ವಾಸಮಟ್ಟ, ಶೇ 5 ದೋಷಮಿತಿಗೆ 384 ಮನೆ ಬೇಕು. ಮನೆಗಳನ್ನು ಗ್ರಾಮವಾರು ಗುಂಪಾಗಿ ಆರಿಸುವುದರಿಂದ 1.5ರಿಂದ ಗುಣಿಸಿದರೆ 576. ಹತ್ತರಲ್ಲಿ ಒಬ್ಬರು ಉತ್ತರಿಸುವುದಿಲ್ಲ ಎಂದುಕೊಂಡರೆ 640. ಒಬ್ಬರು ದಿನಕ್ಕೆ 4 ಮನೆ ಮುಗಿಸಿದರೆ 160 ಆಳುದಿನ. ದಿನಕ್ಕೆ 900 ರೂಪಾಯಿಯಂತೆ 1,44,000, ಪ್ರಯಾಣ ಬೇರೆ. ಹೆಸರು ಓದುವ, ಓದದ ಎರಡು ಬಗೆಯ ಊರುಗಳಲ್ಲಿ ಈ ಮನೆಗಳನ್ನು ಸಮನಾಗಿ ಹಂಚಿದರೆ ಸುಮಾರು 14 ಶೇಕಡಾ ಅಂಶಕ್ಕಿಂತ ಕಡಿಮೆ ವ್ಯತ್ಯಾಸವನ್ನು ನೆಚ್ಚಿಕೊಂಡು ಗುರುತಿಸಲಾಗದು. ಅದನ್ನು ಅರ್ಜಿಯಲ್ಲೇ ಬರೆಯಿರಿ. ತುಳು, ಕೊಂಕಣಿ, ಬ್ಯಾರಿ ಭಾಷೆಗಳಿಗೆ ಪ್ರಶ್ನಾವಳಿಯ ಅನುವಾದ, 30 ಮನೆಗಳಲ್ಲಿ ಪೂರ್ವಪರೀಕ್ಷೆ, ಇವೆರಡರ ಖರ್ಚು ಸೇರಿಸಲು ಮರೆಯುವವರೇ ಹೆಚ್ಚು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಷೇತ್ರಕಾರ್ಯ ಇಡಬೇಡಿ. ಪರ್ಯಾಯ ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಬರುವುದರಿಂದ ಮಂಜೂರಾತಿ ತಡವಾದರೆ ಯಾವ ಬ್ರಹ್ಮಕಲಶೋತ್ಸವಗಳನ್ನು ಆರಿಸುವಿರಿ ಎಂಬುದನ್ನೂ ಬರೆದಿಡಿ. ಅನುದಾನ ಬರುವುದು ಕಂತುಗಳಲ್ಲಿ. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳ (ಜಿಎಫ್‌ಆರ್) 12-ಎ ನಮೂನೆಯ ಬಳಕೆ ಪ್ರಮಾಣಪತ್ರ ಕೊಡದೆ ಮುಂದಿನದು ಬಿಡುಗಡೆಯಾಗದು, ಆದ್ದರಿಂದ ಕ್ಷೇತ್ರ ಸಹಾಯಕರ ಸಂಬಳಕ್ಕೆ ಕಾಲೇಜು ಮುಂಗಡ ಕೊಡುತ್ತದೆಯೇ ಎಂಬುದನ್ನು ಪ್ರಾಂಶುಪಾಲರಿಂದ ಬರಹದಲ್ಲಿ ಪಡೆದುಕೊಳ್ಳಿ.