ಫರೋಹನ ಮಗಳ ಬಗ್ಗೆ ಯಾರೂ ಪ್ರಸಂಗ ಮಾಡುವುದಿಲ್ಲ

ತಂಗಿ, ನಿಮ್ಮ ಪ್ರಶ್ನೆಯನ್ನು ಮೂರು ಸಲ ಓದಿದೆ. ದತ್ತು ತಂದ ಮಗನಿಗೆ ಈಗ 24 ವರ್ಷ, ಹದಿನಾಲ್ಕು ತಿಂಗಳಿಂದ ಮಾತಿಲ್ಲ, ನಿಮ್ಮ ನಂಬರು ಬ್ಲಾಕ್ ಮಾಡಿದ್ದಾನೆ. ಚರ್ಚಿನ ಸಭೆಯವರು ಬೈಬಲಿನ ಲೂಕ 15 ತೆಗೆದು, ಮನೆ ಬಿಟ್ಟು ಹೋಗಿ ತಂದೆಯ ಬಳಿಗೆ ಮರಳಿದ ತಪ್ಪಿಹೋದ ಮಗನ ಹಾಗೆ ಇವನೂ ಬಂದೇ ಬರುತ್ತಾನೆ ಅನ್ನುತ್ತಾರೆ, ನಿಮಗೆ ಪ್ರಾರ್ಥನೆಯೇ ಬರುತ್ತಿಲ್ಲ. ಈ ಕ್ರಿಸ್ಮಸ್‌ಗೆ ಅವನ ರೂಮಿಗೆ ಹೋಗಿ ಬಾಗಿಲು ತಟ್ಟಲೇ ಎಂದು ಕೇಳಿದ್ದೀರಿ.

ಹೋಗಬೇಡಿ. ನಾನು ನನ್ನ ದತ್ತುಮಗಳ ಬಾಗಿಲಿಗೆ ಹೋಗಿದ್ದೆ. 2019ರ ಡಿಸೆಂಬರಿನಲ್ಲಿ ಹುಬ್ಬಳ್ಳಿಯಿಂದ ಪುಣೆಗೆ ರಾತ್ರಿ ಬಸ್ಸು, ತೊಡೆಯ ಮೇಲೆ ಕರ್ಚಿಕಾಯಿ ಡಬ್ಬಿ. ಚಿಕ್ಕವಳಿದ್ದಾಗ ಅವಳು ಕರ್ಚಿಕಾಯಿಯ ಅಂಚನ್ನು ಫೋರ್ಕಿನಿಂದ ಒತ್ತಿ ಒತ್ತಿ ಗೆರೆ ಹಾಕುತ್ತಿದ್ದಳು, ಹಾಗೇ ಹಾಕಿಕೊಂಡು ಹೋಗಿದ್ದೆ. ಒಳಗೆ ಕುಕ್ಕರ್ ಸೀಟಿ ಹೊಡೆಯುವುದು ಕೇಳಿಸುತ್ತಿತ್ತು, ಬಾಗಿಲು ಮಾತ್ರ ತೆರೆಯಲಿಲ್ಲ. ಎದುರುಮನೆಯವರು ಹೊರಗೆ ಬಂದು ನಿಂತರು. "ನಾನು ಇವಳ ತಾಯಿ" ಎಂದು ಅವರಿಗೆ ಎರಡು ಸಲ ಹೇಳಿದೆ. ಡಬ್ಬಿಯನ್ನು ಹೊಸ್ತಿಲಲ್ಲಿಟ್ಟು ಬಂದೆ. ಎರಡು ತಿಂಗಳೊಳಗೆ ಅವಳು ಮನೆ ಬದಲಾಯಿಸಿದಳು. ಹೊಸ ವಿಳಾಸ ನನಗೆ ಇವತ್ತಿಗೂ ಗೊತ್ತಿಲ್ಲ. ನನಗೆ ಅದು ಪ್ರೀತಿ. ಒಳಗಿದ್ದವಳಿಗೆ ಅದು ದಾಳಿಯಾಗಿತ್ತು.

ಅವಳನ್ನು ತಂದಾಗ ಹದಿನಾಲ್ಕು ತಿಂಗಳ ಕೂಸು. ದತ್ತು ಎಂಬುದನ್ನು ಮುಚ್ಚಿಟ್ಟಿರಲಿಲ್ಲ, ದೀಕ್ಷಾಸ್ನಾನದ ದಿನವೇ ಇಡೀ ಸಭೆಗೆ ಗೊತ್ತಿತ್ತು. ತೋರಿಸದೆ ಇದ್ದದ್ದು ಕೋರ್ಟಿನ ಕಾಗದ ಒಂದನ್ನೇ. 1956ರ ದತ್ತಕ ಕಾಯ್ದೆ ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಮಾತ್ರ. ಕ್ರೈಸ್ತರಾದ ನಮಗೆ ಆಗ ಸಿಕ್ಕಿದ್ದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ ಆದೇಶ. ಅದರಲ್ಲಿ ತಂದೆ, ತಾಯಿ, ಮಗಳು ಎಂಬ ಪದಗಳೇ ಇಲ್ಲ. ನಾವು ಗಾರ್ಡಿಯನ್, ಅಂದರೆ ಪೋಷಕರು; ಅವಳು ವಾರ್ಡ್, ಅಂದರೆ ಪೋಷಕರ ಪಾಲನೆಯಲ್ಲಿರುವವಳು. ಅದೂ ಅವಳು ವಯಸ್ಸಿಗೆ ಬರುವತನಕ.

2015ರಲ್ಲಿ ಪಾಸ್‌ಪೋರ್ಟಿಗೆ ದಾಖಲೆ ಹುಡುಕುತ್ತ ಅವಳೇ ಟ್ರಂಕು ತೆಗೆದಳು. ದೀಕ್ಷಾಸ್ನಾನದ ಸರ್ಟಿಫಿಕೇಟಿನ ಕೆಳಗೇ ಆ ಕಾಗದವಿತ್ತು. ನೆಲದ ಮೇಲೆ ಕೂತು ಪೂರ್ತಿ ಓದಿ, ತಲೆ ಎತ್ತಿ ಕೇಳಿದಳು: "ಅವ್ವಾ, ನಾ ನಿಮಗ ವಾರ್ಡೇನು? ಹದಿನೆಂಟಕ್ಕ ಮುಗದಹೋತೇನು?" ನಾನು ಒಲೆಯ ಮೇಲೆ ಹಾಲಿಟ್ಟಿದ್ದೆ. "ಅದು ಬರೇ ಕಾಗದವ್ವಾ, ಬಿಡು" ಅಂದು ಹಾಲಿನ ಕಡೆ ತಿರುಗಿದೆ. ಆ ಒಂದು ನಿಮಿಷವನ್ನು ಎಷ್ಟು ಸಲ ನೆನೆಸಿದ್ದೇನೋ ಲೆಕ್ಕವಿಲ್ಲ. ಹಾಲು ಉಕ್ಕಿದರೆ ಉಕ್ಕಲಿ ಎಂದು ಅವಳ ಪಕ್ಕ ಕೂತು, ಕಾನೂನು ನಮಗೆ ಇಷ್ಟೇ ಕೊಟ್ಟಿತು, ನಮ್ಮ ಮನಸ್ಸು ಅಷ್ಟೇ ಆಗಿರಲಿಲ್ಲ ಎಂದು ಹೇಳಬೇಕಿತ್ತು.

ಆದರೆ ಅವಳು ದೂರವಾದದ್ದು ಕಾಗದದಿಂದಲ್ಲ. ಹೋಗುವ ಮುಂಚೆ ಅವಳೇ ಹೇಳಿದಳು, ಅರ್ಥವಾಗಲು ನನಗೆ ಎರಡು ವರ್ಷ ಬೇಕಾಯಿತು. ಒಂಬತ್ತು ವರ್ಷ ಮಕ್ಕಳಿಲ್ಲದ ನಾನು ಸ್ತ್ರೀಯರ ಕೂಟದಲ್ಲಿ ಎದ್ದು ನಿಂತು, ಮಗುವಿಗಾಗಿ ಅತ್ತು ಪ್ರಾರ್ಥಿಸಿದ ಬೈಬಲಿನ ಹನ್ನಳ ಹಾಗೆ ಬೇಡಿದೆ, ದೇವರು ಅನಾಥ ಕೂಸನ್ನು ಕೊಟ್ಟ ಎಂದು ಸಾಕ್ಷಿ ಹೇಳುತ್ತಿದ್ದೆ. ಪ್ರತಿ ವರ್ಷ, ಬೇರೆ ಬೇರೆ ಊರುಗಳಲ್ಲಿ. ಹೆಂಗಸರು ಕಣ್ಣೊರೆಸಿಕೊಂಡು ಚಾಪೆಯ ಮೇಲೆ ಕೂತಿದ್ದ ಅವಳ ಗಲ್ಲ ಸವರಿ, "ನೀ ಪುಣ್ಯವಂತಿ, ದೇವರ ಉಪಕಾರ ಮರೀಬ್ಯಾಡ" ಅನ್ನುತ್ತಿದ್ದರು. ತನ್ನನ್ನು ಹೆತ್ತವಳು ಬಿಟ್ಟ ಕಥೆಯನ್ನು ಆ ಹುಡುಗಿ ಅಪರಿಚಿತರ ಮುಂದೆ ಮತ್ತೆ ಮತ್ತೆ ಕೇಳುತ್ತ ಬೆಳೆದಳು. ಅವಳ ದುಃಖವನ್ನು ನಾನು ನನ್ನ ಸಾಕ್ಷಿ ಮಾಡಿಕೊಂಡಿದ್ದೆ. ನೀವು ಹೀಗೆ ಮಾಡಿದ್ದೀರಿ ಎನ್ನುತ್ತಿಲ್ಲ. ನಿಮ್ಮ ಮಗ ಹೊರಡುವ ಮುಂಚೆ ಒಂದೇ ಮಾತನ್ನು ಪದೇ ಪದೇ ಹೇಳಿದ್ದನೇ, ನೆನಪಿಸಿಕೊಳ್ಳಿ.

ಅದಕ್ಕೇ ತಪ್ಪಿಹೋದ ಮಗನ ಕಥೆ ನನಗೂ ನೋವು ಕೊಡುತ್ತದೆ. ಅಲ್ಲಿನ ತಂದೆ ಏನೂ ತಪ್ಪು ಮಾಡಿಲ್ಲ, ಕಾದರೆ ಸಾಕು. ನಾನು ಓದುವುದು ಬೈಬಲಿನ ವಿಮೋಚನಕಾಂಡದ ಎರಡನೇ ಅಧ್ಯಾಯ. ಇಬ್ರಿಯರ ಗಂಡುಕೂಸುಗಳನ್ನು ನದಿಗೆ ಹಾಕಬೇಕೆಂದು ಐಗುಪ್ತದ ಅರಸ ಫರೋಹ ಆಜ್ಞೆ ಮಾಡಿದ್ದ. ಫರೋಹನ ಮಗಳು ನೀರಿನಿಂದ ಕೂಸನ್ನು ಎತ್ತಿದಳು, ತನ್ನ ತಂದೆಯ ಆಜ್ಞೆಯನ್ನೇ ಮೀರಿ ಸಾಕಿದಳು, ಮೋಶೆ ಎಂದು ಹೆಸರಿಟ್ಟಳು. ಬೈಬಲಿನಲ್ಲೇ ಮುಂದೆ, ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ, ಮೋಶೆ ದೊಡ್ಡವನಾದ ಮೇಲೆ ಫರೋಹನ ಮಗಳ ಮಗ ಅನ್ನಿಸಿಕೊಳ್ಳಲು ಒಪ್ಪಲಿಲ್ಲ ಎಂದಿದೆ, ಅದೂ ಅವನ ನಂಬಿಕೆಯ ಲಕ್ಷಣವಾಗಿ. ಆಮೇಲೆ ಆ ತಾಯಿ ಏನಾದಳು? ಒಂದು ಸಾಲೂ ಇಲ್ಲ. ನಲವತ್ತು ವರ್ಷದಿಂದ ಪ್ರಸಂಗ ಕೇಳುತ್ತಿದ್ದೇನೆ, ಅವಳಿಗಾಗಿ ಒಬ್ಬರೂ ನಿಟ್ಟುಸಿರು ಬಿಟ್ಟದ್ದು ಕೇಳಿಲ್ಲ. ಅವಳು ಎತ್ತಿಕೊಂಡದ್ದು ಸುಳ್ಳಲ್ಲ, ಅವನು ಹೋದದ್ದೂ ಪಾಪವಲ್ಲ. ನನಗೆ ಪ್ರಾರ್ಥನೆ ನಿಂತುಹೋಗಿದ್ದಾಗ ಅವಳ ಪಕ್ಕದಲ್ಲಿ ಕೂತಂತೆ ಸುಮ್ಮನೆ ಕೂರುತ್ತಿದ್ದೆ. ಮಗಳ ಹೆಸರು ಒಂದು ಸಲ ಹೇಳಿ ಏಳುತ್ತಿದ್ದೆ. ಅದನ್ನೇ ಪ್ರಾರ್ಥನೆ ಅಂದುಕೊಂಡೆ.

ನಿಮ್ಮ ಮಗನ ವಯಸ್ಸು ನೋಡಿದರೆ ನಿಮ್ಮದೂ ಗಾರ್ಡಿಯನ್ ಆದೇಶವೇ ಇರಬಹುದು, ತೆಗೆದು ನೋಡಿ. ಬಾಲನ್ಯಾಯ ಕಾಯ್ದೆ ಎಲ್ಲ ಧರ್ಮದವರಿಗೂ ಪೂರ್ಣ ದತ್ತು ಕೊಟ್ಟದ್ದು 2000ದ ಆಚೆಗೆ, ಅದು ಸ್ಪಷ್ಟವಾದದ್ದು 2006ರ ತಿದ್ದುಪಡಿಯಲ್ಲಿ. ಗಾರ್ಡಿಯನ್ ಆದೇಶದಿಂದ ಮಕ್ಕಳಿಗೆ ವಾರಸು ಬರುವುದಿಲ್ಲ. ಅವನು ಮಾತಾಡಲಿ ಬಿಡಲಿ, ವಿಲ್ ಬರೆದಿಡಿ, ಅದನ್ನು ಆಸೆ ತೋರಿಸಲು ಬಳಸಬೇಡಿ. ಪಾದ್ರಿಗಳನ್ನು ರಾಯಭಾರಕ್ಕೆ ಕಳಿಸಬೇಡಿ, ವಾಟ್ಸಾಪಿನಲ್ಲಿ ಬೈಬಲ್ ವಚನ ಕಳಿಸಬೇಡಿ. ನಿದ್ದೆಯಿಲ್ಲ ಎಂದು ಬರೆದಿದ್ದೀರಿ. 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಪ್ರಾರ್ಥನೆ ಇದ್ದವರಿಗೆ ಅದು ಬೇಡ ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ನಾನು 2021ರಲ್ಲಿ ಒಂದು ಇಮೇಲ್ ಬರೆದೆ, ಒಂದೇ ಪುಟ. ಸಾಕ್ಷಿಯ ವಿಷಯ, ಹಾಲಿನ ವಿಷಯ. "ಆದರೆ" ಎಂಬ ಪದ ಎಲ್ಲಿ ಬಂತೋ ಅಲ್ಲಿ ಅಳಿಸಿದೆ, ಐದು ಕಡೆ ಬಂದಿತ್ತು. ಕೋರ್ಟಿನ ಆದೇಶ, ದತ್ತು ಸಂಸ್ಥೆಯ ಕಾಗದ ಎಲ್ಲವನ್ನೂ ಸ್ಕ್ಯಾನ್ ಮಾಡಿ ಜೊತೆಗಿಟ್ಟೆ. ಹೆತ್ತವರನ್ನು ಹುಡುಕಬೇಕೆನಿಸಿದರೆ ಇವು ನಿನ್ನವು, ನನ್ನ ಒಪ್ಪಿಗೆ ಕೇಳಬೇಕಿಲ್ಲ ಎಂದು ಬರೆದೆ. ಉತ್ತರ ಬರಲಿಲ್ಲ.

ಕಳೆದ ಜೂನ್‌ನಲ್ಲಿ ಗೊತ್ತಿಲ್ಲದ ನಂಬರಿನಿಂದ ಮೆಸೇಜು ಬಂತು: "ನನ್ನ ಚಿಕ್ಕಂದಿನ ಲಸಿಕೆ ಕಾರ್ಡ್ ಇದೆಯಾ?" ಕೈ ನಡುಗುತ್ತಿತ್ತು, ಫೋಟೊ ಮೂರು ಸಲ ಮಸುಕಾಯಿತು. ಯಾಕೆ ಬೇಕು, ಹೇಗಿದ್ದೀ, ಎಲ್ಲಿದ್ದೀ ಎಂದೆಲ್ಲ ಬರೆದು ಅಳಿಸಿ, ಕಾರ್ಡಿನ ಎರಡೂ ಬದಿ ಮಾತ್ರ ಕಳಿಸಿದೆ. "ಸಿಕ್ತು" ಎಂದು ಬಂತು. ಆಮೇಲೆ ಏನೂ ಬಂದಿಲ್ಲ. ಕಾರ್ಡನ್ನು ಈಗ ಟ್ರಂಕಿನಲ್ಲಿಡದೆ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ, ಮತ್ತೆ ಕೇಳಿದರೆ ಬೇಗ ಸಿಗಲಿ ಎಂದು.