ಥ್ಯಾಂಕ್ಸ್‌ಗಿವಿಂಗ್‌ನಲ್ಲಿ ಉಳಿದ ಟರ್ಕಿ ಕೋಳಿ ಎರಡೇ ದಿನಕ್ಕೆ ಯಾಕೆ ಬೇಜಾರಾಗುತ್ತದೆ?

ಬೇಜಾರು ನಿಮ್ಮ ನಾಲಿಗೆಯದಷ್ಟೇ ಅಲ್ಲ, ಮಾಂಸದ ರುಚಿಯೇ ಬದಲಾಗಿರುತ್ತದೆ.

ಅಮೆರಿಕದಲ್ಲಿ ನವೆಂಬರ್‌ನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ, ಅವತ್ತಿನ ಊಟದ ಮುಖ್ಯ ಅಡುಗೆ ಇಡೀ ಟರ್ಕಿ ಕೋಳಿ. ಐದಾರು ಜನರ ಮನೆಗೂ ಆರೇಳು ಕಿಲೋ ಹಕ್ಕಿ ತಂದರೆ ಉಳಿಯದೇ ಇನ್ನೇನು? ಮಾರನೇ ದಿನ ತಣ್ಣಗಿನ ಟರ್ಕಿಗೆ ಕ್ರ್ಯಾನ್‌ಬೆರಿ ಸಾಸ್ ಹಚ್ಚಿದ ಸ್ಯಾಂಡ್‌ವಿಚ್ಚೇ ಹಬ್ಬದೂಟಕ್ಕಿಂತ ರುಚಿ ಅನ್ನುವವರು ಬೇಕಾದಷ್ಟು ಜನ. ನನ್ನ ಮತವೂ ಅವರಿಗೇ.

ತೊಂದರೆ ಇರುವುದು ಮತ್ತೆ ಬಿಸಿ ಮಾಡುವುದರಲ್ಲಿ. ಟರ್ಕಿಯ ಕೊಬ್ಬು ಗಾಳಿಯ ಆಮ್ಲಜನಕ ತಾಗಿದರೆ ಬೇಗ ಕೆಡುವಂಥದ್ದು. ಬೇಯುವಾಗ ಮಾಂಸದಿಂದ ಬಿಡುಗಡೆಯಾಗುವ ಕಬ್ಬಿಣದ ಅಂಶ ಅದಕ್ಕೆ ಇನ್ನಷ್ಟು ಕುಮ್ಮಕ್ಕು ಕೊಡುತ್ತದೆ. ಫ್ರಿಜ್‌ನಲ್ಲಿಟ್ಟರೂ ಇದು ನಿಲ್ಲುವುದಿಲ್ಲ. ಬಿಸಿ ಮಾಡಿದಾಗ ಒದ್ದೆ ರಟ್ಟಿನ ಥರ ವಾಸನೆ ಬರುತ್ತದಲ್ವಾ, ಅದರ ಮೂಲ ಇದೇ. ಜೊತೆಗೆ ಎದೆಯ ಭಾಗದಲ್ಲಿ ಕೊಬ್ಬು ಕಡಿಮೆ. ಎರಡನೇ ಸಲ ಕಾವು ತಾಗಿದರೆ ಬರೀ ನಾರು.

ಹಾಗಾಗಿ ಸುಮ್ನೆ ಮೈಕ್ರೋವೇವ್‌ಗೆ ತುರುಕಬೇಡಿ. ತಣ್ಣಗೇ ತಿನ್ನಿ, ಇಲ್ಲವೇ ಗ್ರೇವಿಯಲ್ಲಿ ಮುಳುಗಿಸಿ ಬಿಸಿ ಮಾಡಿ. ಎಳೆ ಎಳೆಯಾಗಿ ಬಿಡಿಸಿ ಈರುಳ್ಳಿ, ಕಾಳುಮೆಣಸು, ಗರಂ ಮಸಾಲೆ ಜೊತೆ ಹುರಿದರೆ ಆ ವಾಸನೆ ಜಾಸ್ತಿ ಗೊತ್ತಾಗುವುದಿಲ್ಲ. ಮೂಳೆ ಮಾತ್ರ ಎಸೆಯಬೇಡಿ, ಸೂಪಿಗೆ ಅದಕ್ಕಿಂತ ಒಳ್ಳೆಯದಿಲ್ಲ.

ಅಮೆರಿಕದ ಕೃಷಿ ಇಲಾಖೆಯ ಲೆಕ್ಕ ಹೀಗಿದೆ: ಬೇಯಿಸಿದ 2 ಗಂಟೆಯೊಳಗೆ ಫ್ರಿಜ್‌ಗೆ ಇಡಬೇಕು, 3-4 ದಿನದಲ್ಲಿ ಮುಗಿಸಬೇಕು, ಬಿಸಿ ಮಾಡಿದರೆ ಒಳಗೂ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಅಷ್ಟರಲ್ಲಿ ಮುಗಿಯಲ್ಲ ಅನ್ನಿಸಿದರೆ ಮೊದಲ ದಿನವೇ ಅರ್ಧ ಫ್ರೀಜರ್‌ಗೆ ಹಾಕಿಬಿಡಿ.